ಹನ್ನೊಂದು ತಿಂಗಳ ಕರಾರು ಮತ್ತು ನ್ಯಾಯಾರ್ಜಿತ ಧನ

ಕಾನೂನು ನಿಷೇಧಿಸದಿರುವುದೆಲ್ಲವೂ ನ್ಯಾಯವೆಂದು ಭಾವಿಸುವ ಪ್ರವೃತ್ತಿ ನಮ್ಮ ವ್ಯಾಪಾರೀ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಮಳಿಗೆಗಳ ಬಾಡಿಗೆಯ ವಿಷಯದಲ್ಲಿ ಅದರ ಪರಿಣಾಮವನ್ನು ಕಾಣಬೇಕೆಂದರೆ ಬೆಂಗಳೂರಿನ ಮಾರತ್ತಹಳ್ಳಿಯನ್ನು ನೋಡಬೇಕು. ಒಂದು ಕಾಲಕ್ಕೆ ಹಳ್ಳಿಯಾಗಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದೊಳಗೆ ಸೇರಿಹೋದ ಊರು ಇದು. ಹೊರವರ್ತುಲ ರಸ್ತೆಯ ಅಂಚಿನಲ್ಲಿ ತಂತ್ರಾಂಶ ಸಂಸ್ಥೆಗಳ ಗಾಜಿನ ಸೌಧಗಳು, ಉಡುಪಿನ ಫ್ಯಾಕ್ಟರಿ ಔಟ್‌ಲೆಟ್‌ಗಳು. ಒಳರಸ್ತೆಗಳಲ್ಲಿ ದರ್ಜಿ, ದರ್ಶಿನಿ, ಔಷಧಿ ಅಂಗಡಿ, ಮೊಬೈಲ್ ದುರಸ್ತಿಯವನು. ಎಲ್ಲರಿಗೂ ಇರುವುದು ಒಂದೇ ಕಾನೂನು. ಆದರೆ ಕರಾರು ಎರಡು ಬಗೆ.

ದೊಡ್ಡ ಸಂಸ್ಥೆಗೆ ದೊರೆಯುವುದು ಹಲವು ವರ್ಷಗಳ ನೋಂದಾಯಿತ ಗುತ್ತಿಗೆ. ಮೂರು ವರ್ಷಕ್ಕೊಮ್ಮೆ ಶೇಕಡಾ 15ರಂತೆ ಬಾಡಿಗೆ ಏರುವುದೆಂದು ಅದರಲ್ಲಿ ಮೊದಲೇ ಬರೆದಿರುವುದು ರೂಢಿ. 40,000 ರೂಪಾಯಿ ಬಾಡಿಗೆ ನಾಲ್ಕನೆಯ ವರ್ಷಕ್ಕೆ 46,000, ಏಳನೆಯ ವರ್ಷಕ್ಕೆ 52,900 ಆಗುವುದೆಂದು ಮೊದಲ ದಿನವೇ ಗೊತ್ತು. ದರ್ಜಿಗೆ ದೊರೆಯುವುದಾದರೋ ಹನ್ನೊಂದು ತಿಂಗಳ ಚೀಟಿ. ಆತನ ಹನ್ನೆರಡನೆಯ ತಿಂಗಳು ಮಾಲೀಕನ ಮನಸ್ಸಿನಲ್ಲಿದೆ.

ಹನ್ನೊಂದೇ ತಿಂಗಳು ಏಕೆ? 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 107ನೆಯ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಅದನ್ನು ತಪ್ಪಿಸಿಕೊಳ್ಳುವ ಉಪಾಯ ಇದು. ಅವಧಿ ಮುಗಿದ ಮೇಲೂ ಮಾಲೀಕ ಬಾಡಿಗೆ ಸ್ವೀಕರಿಸುತ್ತ ಹೋದರೆ ಅಂಗಡಿಯವನು ತಿಂಗಳ ಬಾಡಿಗೆದಾರನಾಗುತ್ತಾನೆ. 106ನೆಯ ಕಲಮಿನಂತೆ ಹದಿನೈದು ದಿನಗಳ ನೋಟಿಸು ಅವನನ್ನು ಎಬ್ಬಿಸಲು ಸಾಕು. ಕರ್ನಾಟಕ ಬಾಡಿಗೆ ಅಧಿನಿಯಮ, 1999 ರಕ್ಷಿಸುವುದಿಲ್ಲವೇ ಎಂದು ಕೇಳಬಹುದು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಆ ಕಾನೂನು 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ, ಮೀರಿದ ವಾಣಿಜ್ಯ ಮಳಿಗೆಗಳನ್ನು ಹೊರಗಿಟ್ಟಿದೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ್ದರೂ ಅದರ ಆಶ್ರಯವಿಲ್ಲ. ಈ ಎರಡು ಗೆರೆಗಳೊಳಗೆ ಬರುವ ಅಂಗಡಿ ಮಾರತ್ತಹಳ್ಳಿಯ ಮುಖ್ಯರಸ್ತೆಯಲ್ಲಿ ದೀಪ ಹಿಡಿದು ಹುಡುಕಿದರೂ ಸಿಗುವುದು ದುರ್ಲಭ.

ಈಗ ಒಂದು ಲೆಕ್ಕ ಮಾಡೋಣ. ಬಾಡಿಗೆ 40,000, ಬೆಂಗಳೂರಿನ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್ 4 ಲಕ್ಷ, ಕಪಾಟು, ದೀಪ, ನಾಮಫಲಕಗಳಿಗೆ 3 ಲಕ್ಷ ಎಂದಿಟ್ಟುಕೊಳ್ಳಿ. ಆ 3 ಲಕ್ಷವನ್ನು ಹನ್ನೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ 27,000 ರೂಪಾಯಿಗೂ ಮೇಲಾಗುತ್ತದೆ. ಗಿರಾಕಿಗಳು ಗುರುತು ಹಿಡಿದು ಬರತೊಡಗುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಆಗ ಮಾಲೀಕ 55,000 ಕೇಳಿದರೆ, ಬಿಟ್ಟುಹೋದರೆ ಹೂಡಿದ ಹಣವೂ ಗಳಿಸಿದ ಹೆಸರೂ ನಷ್ಟವೆಂದು ಅಂಗಡಿಯವನು ಒಪ್ಪುತ್ತಾನೆ. ಹೆಚ್ಚಿದ ಆ 15,000 ರೂಪಾಯಿ ಗೋಡೆಯ ಬೆಲೆಯೇ, ಗೋಡೆಯೊಳಗೆ ಕುಳಿತು ದುಡಿದವನ ಹೆಸರಿನ ಬೆಲೆಯೇ? ಪರರ ಶ್ರಮದ ಫಲವನ್ನು ನವೀಕರಣದ ನೆಪದಲ್ಲಿ ಕಿತ್ತುಕೊಳ್ಳುವುದನ್ನು ಬಾಡಿಗೆ ಎಂದು ಕರೆಯುವುದು ಶಬ್ದಕ್ಕೆ ಮಾಡುವ ಅಪಚಾರ.

ಮಾಲೀಕರ ಪಕ್ಷದ ವಾದವನ್ನೂ ಕೇಳಬೇಕು. ಹಿಂದಿನ ಬಾಡಿಗೆ ನಿಯಂತ್ರಣ ಕಾನೂನುಗಳು ಬಾಡಿಗೆಯನ್ನು ಹಳೆಯ ಕಾಲದಲ್ಲೇ ಕಟ್ಟಿಹಾಕಿ ಮಾಲೀಕರಿಗೆ ಅನ್ಯಾಯ ಮಾಡಿದವು ಎನ್ನುತ್ತಾರೆ. ಇದು ನಿಜ. ಮುಂಬಯಿಯ ಅಂಥ ಕಾನೂನಿನ ಸ್ಥಗಿತ ಬಾಡಿಗೆಯು ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು 1997ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಆದರೆ ಅಂದಿನ ಬಾಡಿಗೆದಾರನ ಲೋಭಕ್ಕೆ ಇಂದಿನ ಮಾಲೀಕನ ಲೋಭ ಪ್ರಾಯಶ್ಚಿತ್ತವಾಗದು. ‘ಒಪ್ಪಿಯೇ ಸಹಿ ಮಾಡಿದ್ದಾನಲ್ಲ’ ಎಂಬುದು ಎರಡನೆಯ ವಾದ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಕರಾರಿನಲ್ಲಿ ವಿನಾಯಿತಿಯ ಷರತ್ತಿಲ್ಲದಿದ್ದರೆ ಅಂಗಡಿ ಮುಚ್ಚಿದ ಕಾಲಕ್ಕೂ ಬಾಡಿಗೆ ತೆರಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಆ ವರ್ಷದ ಮೇ ತಿಂಗಳಲ್ಲಿ ಖಾನ್ ಮಾರ್ಕೆಟ್ಟಿನ ಮಳಿಗೆಯೊಂದರ ಪ್ರಕರಣದಲ್ಲಿ ತೀರ್ಪಿತ್ತು, ಪಾವತಿಯ ದಿನಗಳನ್ನಷ್ಟೇ ಸಡಿಲಿಸಿತು. ವಕೀಲರನ್ನಿಟ್ಟುಕೊಂಡ ಸಂಸ್ಥೆ ಅಂಥ ಷರತ್ತನ್ನು ಬರೆಸಿಕೊಳ್ಳಬಲ್ಲದು. ಮಾಲೀಕ ಕೊಟ್ಟ ಕಾಗದಕ್ಕೆ ರುಜು ಹಾಕುವ ದರ್ಜಿ ಬರೆಸಿಕೊಳ್ಳಲಾರ. ದಾರಿಯಿಲ್ಲದವನ ರುಜು ಸಮ್ಮತಿಯಾಗದು.

ಅಳತೆಯ ಮಾತೂ ಇದೆ. ‘ಸೂಪರ್ ಬಿಲ್ಟ್-ಅಪ್’ ಎಂಬ ಹೆಸರಿನಲ್ಲಿ ಮೆಟ್ಟಿಲು, ಪಡಸಾಲೆಗಳ ಪಾಲನ್ನೂ ಸೇರಿಸಿ ಚದರ ಅಡಿಗೆ ಬಾಡಿಗೆ ಎಣಿಸಲಾಗುತ್ತದೆ. 2016ರ ರೇರಾ ಕಾನೂನು ಕಾರ್ಪೆಟ್ ವಿಸ್ತೀರ್ಣವನ್ನು ವ್ಯಾಖ್ಯಾನಿಸಿದರೂ ಬಾಡಿಗೆದಾರರನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿದೆ. ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ ರಾಜ್ಯನಿಯಮದ ಉಲ್ಲಂಘನೆಯನ್ನೂ ಅಚೌರ್ಯಾಣುವ್ರತದ ಅತಿಚಾರಗಳೆಂದು ಬಾಲ್ಯದಿಂದಲೂ ಕೇಳುತ್ತ ಬಂದವರು ನಾವು. ಬಾಡಿಗೆಯ ಅರ್ಧವನ್ನು ಚೆಕ್ಕಿನಲ್ಲೂ ಅರ್ಧವನ್ನು ನಗದಾಗಿಯೂ ಪಡೆಯುವ ಶ್ರಾವಕನು ತಕ್ಕಡಿ ಹಿಡಿದಿಲ್ಲವೆಂಬ ಕಾರಣಕ್ಕೆ ನಿರ್ದೋಷಿಯಾಗುವನೇ?

ಪರಿಹಾರ ಅಸಾಧ್ಯವಾದುದಲ್ಲ. ಇಂಗ್ಲೆಂಡಿನ 1954ರ ಕಾನೂನು ವ್ಯಾಪಾರಿ ಬಾಡಿಗೆದಾರನಿಗೆ ಗುತ್ತಿಗೆ ನವೀಕರಣದ ಹಕ್ಕನ್ನಿತ್ತಿದೆ. ಉಭಯಪಕ್ಷಗಳು ಅದನ್ನು ಕೈಬಿಡಲೂ ಅಲ್ಲಿ ಅವಕಾಶವಿದೆ ಎಂಬುದು ದಿಟ. ಆದರೆ ನ್ಯಾಯಾಲಯ ಹೊಸ ಬಾಡಿಗೆಯನ್ನು ನಿಗದಿಪಡಿಸುವಾಗ ಬಾಡಿಗೆದಾರನೇ ಗಳಿಸಿದ ವ್ಯಾಪಾರದ ಹೆಸರನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ತತ್ತ್ವ ಅಲ್ಲಿದೆ. ನಮ್ಮ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಅಧಿನಿಯಮ ವಾಣಿಜ್ಯ ಮಳಿಗೆಗೆ ಆರು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೂಡದೆನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ಮಾದರಿಯೊಂದೇ ಯಾರನ್ನೂ ಕಾಯದು.

ಶಾಸನ ಬರುವವರೆಗೆ ಕಾಯುವ ಅಗತ್ಯ ಮಾಲೀಕರಾದವರಿಗಿಲ್ಲ. ಮೂರು ವರ್ಷಕ್ಕೆ ಕಡಿಮೆಯಿಲ್ಲದ ನೋಂದಾಯಿತ ಗುತ್ತಿಗೆ, ಮೊದಲೇ ಬರೆದ ಏರಿಕೆಯ ದರ, ಗೋಡೆಯಿಂದ ಗೋಡೆಗೆ ಅಳೆದ ವಿಸ್ತೀರ್ಣ, ತೆರವಿಗೆ ಮೂರು ತಿಂಗಳ ಅವಕಾಶ, ಬಿಟ್ಟುಹೋಗುವ ದಿನವೇ ಅಡ್ವಾನ್ಸಿನ ಮರುಪಾವತಿ: ಈ ಐದನ್ನು ಪಾಲಿಸಿದರೆ ಯಾವ ಮಾಲೀಕನೂ ಬಡವನಾಗುವುದಿಲ್ಲ. ನಮ್ಮ ಸಮಾಜದಲ್ಲಿ ಮಳಿಗೆಗಳ ಒಡೆಯರೂ ಇದ್ದಾರೆ, ಮಳಿಗೆ ಹಿಡಿದವರೂ ಇದ್ದಾರೆ. ಸ್ವಂತ ಕಟ್ಟಡವುಳ್ಳ ಓದುಗರು ಇಂದೇ ತಮ್ಮ ಪೆಟ್ಟಿಗೆಯಲ್ಲಿರುವ ಕರಾರು ಪತ್ರವನ್ನು ತೆಗೆದು, ತಾವೇ ಬಾಡಿಗೆದಾರರಾಗಿದ್ದರೆ ಅದಕ್ಕೆ ನಿಶ್ಚಿಂತೆಯಿಂದ ರುಜು ಹಾಕುತ್ತಿದ್ದರೇ ಎಂದು ಒಮ್ಮೆ ಓದಿ ನೋಡಲಿ.