ಕೆಡಹುವ ಅಧಿಕಾರ, ಕಟ್ಟುವ ವಿದ್ಯೆ

ಯಾವ ಕಟ್ಟಡದಲ್ಲಿಯೂ ಎಲ್ಲ ಕಲ್ಲುಗಳೂ ಸಮಾನವಲ್ಲ. ಗೋಡೆಯ ಮೇಲ್ಭಾಗದ ಒಂದು ಕಲ್ಲನ್ನು ತೆಗೆದರೆ ಗೋಡೆ ವಿಕಾರವಾಗಿ ಕಾಣುತ್ತದೆ. ತಳಪಾಯದ ಕಲ್ಲನ್ನು ತೆಗೆದರೆ ಮನೆಯೇ ಕುಸಿಯುತ್ತದೆ. ಗಣಕಯಂತ್ರವನ್ನು ನಡೆಸುವ ತಂತ್ರಾಂಶಗಳ ವಿಷಯದಲ್ಲಿಯೂ ಈ ಮಾತು ಸತ್ಯ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅವರು ಯಾವುದರ ತಿರುಳನ್ನು ಬರೆಯತೊಡಗಿದರೋ ಆ ಲಿನಕ್ಸ್ ವ್ಯವಸ್ಥೆಯಲ್ಲಿ ತಂತ್ರಾಂಶಗಳು ‘ಪ್ಯಾಕೇಜು’ಗಳೆಂಬ ಕಟ್ಟುಗಳಾಗಿ ದೊರೆಯುತ್ತವೆ. ಒಂದು ಕಟ್ಟು ಮತ್ತೊಂದನ್ನು ಆಶ್ರಯಿಸಿರುತ್ತದೆ. ಯಂತ್ರದ ಒಡೆಯನು ಯಾವುದನ್ನು ಬೇಕಾದರೂ ಸ್ಥಾಪಿಸಬಹುದು, ಯಾವುದನ್ನು ಬೇಕಾದರೂ ತೆಗೆಯಬಹುದು. ಆದುದರಿಂದಲೇ ಅವನು ತಾನು ಕುಳಿತ ಕೊಂಬೆಯನ್ನು ತಾನೇ ಕಡಿದುಕೊಳ್ಳಲೂಬಲ್ಲನು. ಇಂತಹ ಅಧಿಕಾರವನ್ನು ಸಾಮಾನ್ಯ ಬಳಕೆದಾರನ ಕೈಗೆ ಕೊಡುವುದು ಉಚಿತವೇ?

2021ರ ನವೆಂಬರಿನಲ್ಲಿ ಬೆಳಕಿಗೆ ಬಂದ ಒಂದು ಘಟನೆ ಈ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟಿತು. ಗಣಕಯಂತ್ರಗಳನ್ನು ಕುರಿತ ಯೂಟ್ಯೂಬ್ ಕಾರ್ಯಕ್ರಮಗಳಿಂದ ಹೆಸರಾದ ಕೆನಡಾದ ಲೀನಸ್ ಸೆಬಾಸ್ಟಿಯನ್ ಎಂಬವರು ‘ಪಾಪ್ ಓಎಸ್’ ಎಂಬ ಬಗೆಯ ಲಿನಕ್ಸಿನಲ್ಲಿ, ಆಟಗಳಿಗೆಂದು ‘ಸ್ಟೀಮ್’ ತಂತ್ರಾಂಶವನ್ನು ಸ್ಥಾಪಿಸಲು ಹೊರಟರು. ಪ್ಯಾಕೇಜುಗಳು ದೊರೆಯುವ ಭಂಡಾರದಲ್ಲಿ ಆಗ ಒಂದು ದೋಷವಿದ್ದುದರಿಂದ ಹೊಸದಕ್ಕೂ ಹಳೆಯದಕ್ಕೂ ಹೊಂದಾಣಿಕೆಯಾಗಲಿಲ್ಲ. ಸ್ಥಾಪನೆಯ ಕಾರ್ಯವನ್ನು ನಿರ್ವಹಿಸುವ ‘ಆಪ್ಟ್’, ‘ಡೆಸ್ಕ್‌ಟಾಪ್’ ಎಂಬ ಚಿತ್ರಮಯ ಪರದೆಯ ಪ್ಯಾಕೇಜುಗಳನ್ನೇ ತೆಗೆದುಹಾಕುವುದಾಗಿ ತಿಳಿಸಿತು. ಅವು ಅತ್ಯವಶ್ಯಕವೆಂದು ಎಚ್ಚರಿಸಿ, ಮುಂದುವರಿಯಬೇಕಾದರೆ ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಬೆರಳಚ್ಚು ಮಾಡಬೇಕೆಂದಿತು. ಅವರು ಹಾಗೆಯೇ ಮಾಡಿದರು. ಚಿತ್ರಗಳೆಲ್ಲ ಮಾಯವಾಗಿ ಬರಿಯ ಅಕ್ಷರಗಳ ಕಪ್ಪು ಪರದೆ ಉಳಿಯಿತು. ಕಡೆಗೆ ಅವರು ಆ ವ್ಯವಸ್ಥೆಯನ್ನೇ ಬಿಟ್ಟು ಬೇರೊಂದು ಬಗೆಯ ಲಿನಕ್ಸನ್ನು ಸ್ಥಾಪಿಸಿಕೊಂಡರು.

ಎಚ್ಚರಿಕೆಯನ್ನು ಲೆಕ್ಕಿಸದವನದೇ ತಪ್ಪು ಎಂದು ಕೆಲವರು ಹೇಳುತ್ತಾರೆ. ಅಂತಹ ಅಧಿಕಾರವನ್ನು ಕೊಟ್ಟದ್ದೇ ತಪ್ಪು ಎಂದು ಮತ್ತೆ ಕೆಲವರು. ಎರಡರಲ್ಲಿಯೂ ಅರ್ಧ ಸತ್ಯವಿದೆ. ದಿನವೂ ಹತ್ತಾರು ಬಾರಿ ‘ಸಮ್ಮತವೇ?’ ಎಂದು ಕೇಳುವ ಯಂತ್ರದ ಮುಂದೆ ಕೋಲೆ ಬಸವನಂತೆ ತಲೆಯಾಡಿಸುವುದು ಮನುಷ್ಯನಿಗೆ ಅಭ್ಯಾಸವಾಗಿಬಿಡುತ್ತದೆ. ಹೋಗುವುದು ಯಾವುದು, ಹೋದರೆ ಆಗುವುದೇನು ಎಂಬುದು ಓದುವವನಿಗೆ ಮನದಟ್ಟಾಗದಿದ್ದರೆ ಎಚ್ಚರಿಕೆ ಬರಿಯ ಸದ್ದಾಗುತ್ತದೆ. ಆ ಬಳಿಕ ಆಪ್ಟನ್ನು ತಿದ್ದಲಾಯಿತು. ಈಗ ಒಂದು ವಾಕ್ಯವನ್ನು ಬೆರಳಚ್ಚು ಮಾಡಿದ ಮಾತ್ರಕ್ಕೆ ಅತ್ಯವಶ್ಯಕ ಪ್ಯಾಕೇಜುಗಳು ಹೋಗುವುದಿಲ್ಲ. ಒಡೆಯನು ಅದಕ್ಕೆಂದೇ ಪ್ರತ್ಯೇಕವಾದ ಅನುಮತಿಯನ್ನು ಕೊಡಬೇಕು. ಬಾಗಿಲಿಗೆ ಅಗುಳಿಯನ್ನು ಹಾಕಿದರೇ ಹೊರತು ಬಾಗಿಲಿದ್ದಲ್ಲಿ ಗೋಡೆ ಕಟ್ಟಲಿಲ್ಲ. ಇದು ವಿವೇಕದ ಮಾರ್ಗ.

ಆದರೆ ಅಗುಳಿಗಿಂತ ಮಿಗಿಲಾದ ರಕ್ಷಣೆಯೆಂದರೆ ದುರಸ್ತಿಯ ತಿಳಿವಳಿಕೆ. ಮೇಲೆ ಹೇಳಿದ ಯಂತ್ರವು ಸತ್ತಿರಲಿಲ್ಲ; ಆ ಕಪ್ಪು ಪರದೆಯಿಂದಲೇ ಕಳೆದ ಪ್ಯಾಕೇಜುಗಳನ್ನು ಮರಳಿ ತರಿಸಲು ಸಾಧ್ಯವಿತ್ತು. ಇದಕ್ಕಿಂತ ಘೋರವಾದ ಸ್ಥಿತಿಯೂ ಉಂಟು. ಹೆಚ್ಚುಕಡಮೆ ಎಲ್ಲ ತಂತ್ರಾಂಶಗಳೂ ಆಶ್ರಯಿಸಿರುವ ‘ಸಿ ಲೈಬ್ರರಿ’ ಅಳಿದುಹೋದರೆ, ಕಡತಗಳ ಪಟ್ಟಿಯನ್ನು ತೋರಿಸುವ ಸಣ್ಣ ಆಜ್ಞೆಯೂ ನಡೆಯದು. ಆಪ್ಟ್ ಕೂಡ ಏಳಲಾರದು. ವೈದ್ಯನೇ ಹಾಸಿಗೆ ಹಿಡಿದಂತೆ. ಆಗ ನೆರವು ಹೊರಗಿನಿಂದ ಬರಬೇಕು. ಪೆನ್ ಡ್ರೈವಿನಲ್ಲಿರುವ ಮತ್ತೊಂದು ಲಿನಕ್ಸಿನಿಂದ ಯಂತ್ರವನ್ನು ಆರಂಭಿಸಿ, ಕೆಟ್ಟ ವ್ಯವಸ್ಥೆಯಿರುವ ಡಿಸ್ಕನ್ನು ತೆರೆದು, ಕಳೆದುಹೋದ ಲೈಬ್ರರಿಯ ಅದೇ ಆವೃತ್ತಿಯನ್ನು ಮೊದಲು ಅದರ ಸ್ಥಾನದಲ್ಲಿರಿಸಬೇಕು. ಅನಂತರ ಹಳೆಯ ವ್ಯವಸ್ಥೆಯೊಳಕ್ಕೆ ಪ್ರವೇಶಿಸಿ ಉಳಿದವನ್ನು ಸ್ಥಾಪಿಸಬೇಕು. ಯಾವುದು ಹೋಯಿತೆಂದು ಊಹಿಸಬೇಕಾಗಿಲ್ಲ. ಸ್ಥಾಪಿಸಿದ ಮತ್ತು ತೆಗೆದ ಪ್ಯಾಕೇಜುಗಳ ಲೆಕ್ಕವನ್ನು ಆಪ್ಟ್ ದಿನಾಂಕಸಹಿತ ಬರೆದಿಟ್ಟಿರುತ್ತದೆ. ಬಳಕೆದಾರನ ಸ್ವಂತ ಬರಹಗಳೂ ಚಿತ್ರಗಳೂ ಬೇರೆ ಕೋಶದಲ್ಲಿರುವುದರಿಂದ, ಪ್ಯಾಕೇಜನ್ನು ತೆಗೆದ ಮಾತ್ರಕ್ಕೆ ಅವು ನಾಶವಾಗುವುದಿಲ್ಲ. ಇದನ್ನರಿಯದವನು ಗಾಬರಿಗೊಂಡು ಡಿಸ್ಕನ್ನೆಲ್ಲ ಅಳಿಸಿ ಹೊಸದಾಗಿ ಆರಂಭಿಸಲು ಹೊರಟರೆ, ಉಳಿದಿದ್ದುದನ್ನೂ ತನ್ನ ಕೈಯಾರೆ ಕಳೆದುಕೊಳ್ಳುತ್ತಾನೆ.

ಈ ದುರಸ್ತಿ ಸಾಧ್ಯವಾಗುವುದು ಏತರಿಂದ? ಕೆಡಹುವ ಅಧಿಕಾರವನ್ನು ಕೊಟ್ಟ ವ್ಯವಸ್ಥೆಯೇ ತನ್ನ ಒಳಗನ್ನೂ ತೆರೆದಿಟ್ಟಿರುವುದರಿಂದ. ಒಂದನ್ನು ಕಿತ್ತುಕೊಂಡರೆ ಮತ್ತೊಂದೂ ಕ್ಷೀಣಿಸುತ್ತದೆ. ಆಸ್ಪತ್ರೆಯಲ್ಲಿಯೋ ಬ್ಯಾಂಕಿನಲ್ಲಿಯೋ ಹಲವರು ನಂಬಿರುವ ಯಂತ್ರದ ಮೇಲಿನ ಅಧಿಕಾರವು ಬಲ್ಲವರಲ್ಲಿಯೇ ಇರತಕ್ಕದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಕಲಿಯುವವನ ಯಂತ್ರಕ್ಕೂ ಅದೇ ನಿಯಮವನ್ನು ವಿಧಿಸಿದರೆ ನಾಳೆ ಬಲ್ಲವರು ಎಲ್ಲಿಂದ ಹುಟ್ಟಬೇಕು? ಶಾಲೆಯ ಗಣಕಯಂತ್ರ ಕೊಠಡಿಯಲ್ಲಿ ಹಳೆಯದೊಂದು ಯಂತ್ರವನ್ನು ಇದಕ್ಕೆಂದೇ ಮೀಸಲಿಡಬೇಕು. ಅದರಲ್ಲಿರುವುದರ ಪ್ರತಿಯನ್ನು ಬೇರೆಡೆ ಕಾದಿರಿಸಿ, ಬೇಕೆಂದೇ ಅದನ್ನು ಕೆಡಿಸಿ, ಮಕ್ಕಳ ಕೈಯಿಂದಲೇ ಸರಿಪಡಿಸಬೇಕು. ಒಮ್ಮೆ ಹಾಗೆ ಕಲಿತವನು ಮುಂದೆ ಎಚ್ಚರಿಕೆಯ ಪ್ರತಿಯೊಂದು ಸಾಲನ್ನೂ ನಿಂತು ಓದುತ್ತಾನೆ. ಅಳಿಸುವ ಆಜ್ಞೆಯನ್ನು ಕಲಿಸುವ ದಿನವೇ ಉಳಿಸುವ ಮಾರ್ಗವನ್ನೂ ಕಲಿಸುವುದು ಗುರುವಾದವನ ಕರ್ತವ್ಯ.