ಪುಸ್ತಕಕ್ಕಿಂತ ಬಾಡಿಗೆ ದೊಡ್ಡದು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಾವಗಡದ ಕಡೆಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮೂರು ದಿಕ್ಕಿಗೂ ಆಂಧ್ರದ ನೆಲವೇ ಇರುವ ಆ ತಾಲ್ಲೂಕಿನಲ್ಲಿ ಇದೇನೂ ಅತಿಶಯವಲ್ಲ. ಆತ ಎಂ.ಎ. ಮುಗಿಸಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಆಡುಗನ್ನಡವನ್ನು ಒಂದಕ್ಕೊಂದು ಹೋಲಿಸಿ ನೋಡಬೇಕೆಂದು ಹೊರಟಿದ್ದಾನೆ. ಸಂತೆಗಳಲ್ಲಿ ನಿಂತು ಮಾತು ಕೇಳುತ್ತಾನೆ, ಬರೆದುಕೊಳ್ಳುತ್ತಾನೆ. ಇಂಥ ಕೆಲಸ ನಮ್ಮಲ್ಲಿ ಆಗಬೇಕಾದ್ದೇ.

ಹೋಲಿಸುವವನಿಗೆ ಒಂದು ಅಳತೆಗೋಲು ಬೇಕಷ್ಟೆ. ಹೆರಾಲ್ಡ್ ಷಿಫ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಆಡುಗನ್ನಡಕ್ಕೊಂದು ವ್ಯಾಕರಣ ಬರೆದಿದ್ದಾರೆ. 1983ರಲ್ಲಿ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಮುದ್ರಣಾಲಯ ಅದನ್ನು ಪ್ರಕಟಿಸಿತು. ಅದನ್ನು ಓದೆಂದು ನಾನೇ ಹುಡುಗನಿಗೆ ಹೇಳಿದೆ. ಆತ ಮೊಬೈಲಿನಲ್ಲಿ ಹುಡುಕಿ, ಕಡಲಾಚೆಯ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಒಂದು ಪ್ರತಿಯನ್ನು ಪತ್ತೆಮಾಡಿದ. ಬೆಲೆ 22 ಡಾಲರು. ಇಬ್ಬರಿಗೂ ಸಂತೋಷವಾಯಿತು. ವಿಳಾಸ ತುಂಬಿದ ಮೇಲೆ ಸಾಗಾಣಿಕೆ ವೆಚ್ಚವೆಂದು ಇನ್ನೊಂದು ಸಾಲು ಮೂಡಿತು: 38 ಡಾಲರು! ಎರಡೂ ಕೂಡಿ ನಮ್ಮ ಹಣದಲ್ಲಿ ಐದು ಸಾವಿರ ಮೀರಿತು.

"ಸಾರ್, ಪುಸ್ತಕದ ರೇಟಿಗಿಂತ ಅದರ ಬಸ್ ಚಾರ್ಜೇ ಜಾಸ್ತಿ ಐತೆ!" ಎಂದ ಹುಡುಗ.

ಅವನು ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂದು ಗಾದೆ ಹೇಳಿ ಸುಮ್ಮನಾಗುವ ಸಂಗತಿ ಇದಲ್ಲ. ನಾವಾಡುವ ಮಾತಿನ ವ್ಯಾಕರಣ ನಮ್ಮ ಮನೆಗೆ ಬರಬೇಕಾದರೆ, ತನ್ನ ಬೆಲೆಗಿಂತ ಹೆಚ್ಚಿನ ದಂಡ ತೆತ್ತು ಬರಬೇಕು. ಈ ವಿಷಯದಲ್ಲಿ ನನ್ನ ತಕರಾರು ಏನೆಂಬುದನ್ನು ವಾಚಕರ ಮುಂದೆ ಇಡುತ್ತೇನೆ.

ನಮ್ಮ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳುವ ಮಿತ್ರರೊಬ್ಬರಿದ್ದಾರೆ. ಅವರ ಮುಂದೆ ಈ ಗೋಳು ತೋಡಿಕೊಂಡಾಗ ಅವರು, "ಮೇಷ್ಟ್ರೇ, ವಿಮಾನಕ್ಕೆ ಪುಸ್ತಕವೂ ಒಂದೇ, ಬೂಟೂ ಒಂದೇ. ತೂಕಕ್ಕೆ ತಕ್ಕ ಬಾಡಿಗೆ. ಇದರಲ್ಲಿ ಅನ್ಯಾಯವೇನು ಬಂತು?" ಎಂದರು. ಅನೇಕ ವಿದ್ಯಾವಂತರು ಇದೇ ಮಾತನ್ನು ಆಡುತ್ತಾರಾದ್ದರಿಂದ ಇದಕ್ಕೆ ಉತ್ತರ ಹೇಳಬೇಕು. ವಿಮಾನಕ್ಕೆ ಅಕ್ಷರ ಬರುವುದಿಲ್ಲ, ನಿಜ. ಆದರೆ ದರ ಗೊತ್ತುಮಾಡುವವರಿಗೆ ಬರುತ್ತದಲ್ಲ! ಪುಸ್ತಕ ಬೇರೆ, ಬೂಟು ಬೇರೆ ಎಂಬುದನ್ನು ಜಗತ್ತಿನ ಅಂಚೆ ಇಲಾಖೆಗಳು ನೂರು ವರ್ಷಕ್ಕೂ ಮಿಕ್ಕಿ ತಿಳಿದುಕೊಂಡಿದ್ದುವು.

1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ರಾಷ್ಟ್ರಗಳು ಕೂಡಿ ಒಂದು ಒಪ್ಪಂದ ಮಾಡಿಕೊಂಡುವು. ಇಂದಿನ ವಿಶ್ವ ಅಂಚೆ ಒಕ್ಕೂಟ ಹುಟ್ಟಿದ್ದು ಅದರಿಂದ. 1876ರಲ್ಲಿ ಇಂಡಿಯವೂ ಅದರೊಳಗೆ ಸೇರಿತು. ಒಕ್ಕೂಟದ ರಾಷ್ಟ್ರಗಳೆಲ್ಲ ಸೇರಿ ಅಂಚೆಯ ಮಟ್ಟಿಗೆ ಒಂದೇ ನೆಲ ಎಂಬುದು ಅದರ ಮೂಲತತ್ತ್ವ. ಮುದ್ರಿತ ಪತ್ರಗಳಿಗೆ ಕಾಗದಕ್ಕಿಂತ ಕಡಮೆ ದರ ಎಂಬುದೂ ಮೊದಲಿನಿಂದಲೇ ಬಂದದ್ದು. ಇದು ಯಾರೋ ತೋರಿದ ಕರುಣೆಯಲ್ಲ. ವಿದ್ಯೆ ಸಂಚರಿಸಿದರೆ ಎಲ್ಲರಿಗೂ ಲಾಭ ಎಂಬ ಲೆಕ್ಕಾಚಾರ. ಆ ಕಾಲದಲ್ಲಿ ಪುಸ್ತಕದ ಕಟ್ಟು ಹಡಗಿನಲ್ಲಿ ನಿಧಾನವಾಗಿ ಬರುತ್ತಿತ್ತು. ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಪುಸ್ತಕವೇನು ಹಣ್ಣೇ, ತರಕಾರಿಯೇ, ಕೊಳೆತುಹೋಗುವುದಕ್ಕೆ?

ಈ ಏರ್ಪಾಡು ಹೇಗೆ ಸಡಿಲವಾಯಿತು? ಮೊದಲಿನ ನಿಯಮದಂತೆ, ಟಪಾಲು ಕಳಿಸಿದ ದೇಶ ಸ್ಟಾಂಪಿನ ಹಣ ತಾನೇ ಇಟ್ಟುಕೊಳ್ಳುತ್ತಿತ್ತು. ಹಂಚುವ ದೇಶ ಪ್ರತಿಫಲವಿಲ್ಲದೆ ಹಂಚುತ್ತಿತ್ತು. ಹೋದಷ್ಟೇ ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬ ನಂಬಿಕೆ. ಅದು ಸರಿಹೋಗಲಿಲ್ಲ. 1969ರಲ್ಲಿ, ಹೆಚ್ಚಾಗಿ ಕಳಿಸುವ ದೇಶ ಹಂಚುವ ದೇಶಕ್ಕೆ ಹಣ ಕೊಡಬೇಕೆಂದು ಗೊತ್ತುಮಾಡಿದರು. ಇದು ನ್ಯಾಯವೇ. 2007ರ ಮೇ ತಿಂಗಳಲ್ಲಿ ಅಮೆರಿಕದ ಅಂಚೆ ಇಲಾಖೆ ಹೊರದೇಶಗಳಿಗೆ ಹಡಗಿನ ಟಪಾಲನ್ನೇ ನಿಲ್ಲಿಸಿಬಿಟ್ಟಿತು. ಅಂದಿನಿಂದ ಆ ದೇಶದ ಅಂಚೆಯಲ್ಲಿ ಬರುವ ಪುಸ್ತಕಕ್ಕೆ ವಿಮಾನವೊಂದೇ ಗತಿ. ಅವಸರವಿಲ್ಲದವನ ಕೈಯಲ್ಲೂ ಅವಸರದ ಬಾಡಿಗೆ ಕಟ್ಟಿಸಿಕೊಂಡಂತಾಯಿತು. 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ನಡೆದ ಒಕ್ಕೂಟದ ವಿಶೇಷ ಸಭೆಯಲ್ಲಿ, ಒಕ್ಕೂಟವನ್ನೇ ಬಿಟ್ಟುಹೋಗುತ್ತೇನೆಂದು ಅಮೆರಿಕ ಹೆದರಿಸಿದ ಮೇಲೆ, ಹೊರಗಿನಿಂದ ಬರುವ ಸಣ್ಣ ಪೊಟ್ಟಣಗಳಿಗೆ ದೇಶಗಳು ತಮ್ಮ ದರವನ್ನು ತಾವೇ ಸಾರಿಕೊಳ್ಳುವುದಕ್ಕೆ ದಾರಿಯಾಯಿತು. ಅಗ್ಗದ ಸರಕುಗಳ ಪೊಟ್ಟಣಗಳ ಪ್ರವಾಹವನ್ನು ಕಂಡು ಎದ್ದ ಜಗಳವದು. ಆ ಗದ್ದಲದಲ್ಲಿ ಪುಸ್ತಕದ ಪರವಾಗಿ ಮಾತನಾಡುವವರ ದನಿ ಕೇಳಿಸಲಿಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ಅದೇ ಅಮೆರಿಕದಲ್ಲಿ 1938ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಪುಸ್ತಕಗಳಿಗೆಂದೇ ಅಗ್ಗದ ಅಂಚೆ ದರವನ್ನು ಜಾರಿಗೆ ತಂದರು. ಅದು ಹೆಸರು ಬದಲಿಸಿಕೊಂಡು ಉಳಿದುಬಂದಿದೆ. ನ್ಯೂಯಾರ್ಕಿನಿಂದ ಪಕ್ಕದ ಊರಿಗಾಗಲಿ, ಸಮುದ್ರದ ನಡುವಿನ ಹವಾಯಿ ದ್ವೀಪಕ್ಕಾಗಲಿ ದರ ಒಂದೇ. ತಮ್ಮ ಮಕ್ಕಳಿಗೆ ಪುಸ್ತಕವನ್ನು ಬೂಟಿನಂತೆ ತೂಗಬಾರದೆಂದು ತಿಳಿದವರು, ನಮ್ಮ ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಅದನ್ನು ಮರೆತರು.

ಪರರನ್ನು ದೂರುತ್ತ ಕೂರುವುದು ಸುಲಭ. ನಮ್ಮ ಮನೆಯ ಕಡೆಗೂ ತಿರುಗಿ ನೋಡೋಣ. 2024ರ ಡಿಸೆಂಬರಿನಲ್ಲಿ ನಮ್ಮ ಅಂಚೆ ಇಲಾಖೆ, ಹಿಂದಿನಿಂದ ನಡೆದುಬಂದಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಸದ್ದಿಲ್ಲದೆ ನಿಲ್ಲಿಸಿತು. ಸಣ್ಣ ಪ್ರಕಾಶಕರೂ ಓದುಗರೂ ಆಕ್ಷೇಪವೆತ್ತಿದರು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ಸೇವೆ ಬಂತು. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ ಎಂದು ಆರಂಭದಲ್ಲಿ ದರ ಗೊತ್ತುಮಾಡಿದರು. ಸಂತೋಷ. ಪುಸ್ತಕಕ್ಕೆ ಬೇರೆ ದರ ಇರಬೇಕೆಂಬ ತತ್ತ್ವವನ್ನು ಸರ್ಕಾರ ತಾನೇ ಒಪ್ಪಿಕೊಂಡಿತು ಎಂದಾಯಿತು. ಆದರೆ ಆ ತತ್ತ್ವ ದೇಶದ ಗಡಿಗೆ ಬಂದು ನಿಂತುಬಿಡುತ್ತದೆ.

ನಿಲ್ಲುವುದಷ್ಟೇ ಅಲ್ಲ, ಅಲ್ಲಿ ತಿರುಗಿ ಬೀಳುತ್ತದೆ. 2019ರ ಜುಲೈ ತಿಂಗಳ ಬಜೆಟ್ಟಿನಲ್ಲಿ ಹೊರದೇಶದ ಪುಸ್ತಕಗಳ ಮೇಲೆ ಶೇಕಡ 5 ಆಮದು ಸುಂಕ ಹಾಕಿದರು. ಸ್ವದೇಶದ ಪ್ರಕಾಶನ, ಮುದ್ರಣಗಳಿಗೆ ಪ್ರೋತ್ಸಾಹ ಕೊಡಲು ಎಂದು ಕಾರಣ ಹೇಳಿದರು. ನಾನು ಕೇಳುತ್ತೇನೆ: ಸಿಯಾಟಲಿನಲ್ಲಿ 1983ರಲ್ಲಿ ಅಚ್ಚಾದ ಕನ್ನಡ ವ್ಯಾಕರಣಕ್ಕೆ ಸುಂಕ ಹಾಕಿದರೆ ತುಮಕೂರಿನ ಯಾವ ಮುದ್ರಣಾಲಯಕ್ಕೆ ಲಾಭ? ಸಕ್ಕರೆಗೆ ಬದಲು ಬೆಲ್ಲ ತಿನ್ನಬಹುದು. ಒಂದು ಪುಸ್ತಕಕ್ಕೆ ಬದಲು ಇನ್ನೊಂದು ಪುಸ್ತಕ ಓದಿ ಎಂದರೆ ಏನರ್ಥ?

"ಈಗ ಎಲ್ಲವೂ ಪರದೆಯ ಮೇಲೆ ಪುಕ್ಕಟೆ ಸಿಗುವಾಗ ಈ ರಗಳೆ ಏಕೆ?" ಎಂದು ಕೇಳುವವರುಂಟು. ಅರ್ಧ ಸತ್ಯ. 1800ರಲ್ಲಿ ನಮ್ಮ ಮಧುಗಿರಿ, ಶಿರಾಗಳನ್ನು ಹಾದುಹೋದ ಫ್ರಾನ್ಸಿಸ್ ಬುಕನನ್ನನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಇವು ಹಕ್ಕು ಮುಗಿದ ಗ್ರಂಥಗಳು. ಪರದೆಯ ಮೇಲೆ ಓದಬಹುದು, ನಾನೂ ಓದಿದ್ದೇನೆ. ಆದರೆ ಗ್ರಂಥಸ್ವಾಮ್ಯ ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಆದ್ದರಿಂದ ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಬಂದ ವಿದ್ವತ್ತಿನಲ್ಲಿ ಬಹುಪಾಲು ಹಾಗೆ ನ್ಯಾಯವಾಗಿ ದೊರೆಯುವುದಿಲ್ಲ. ಪುಕ್ಕಟೆ ಸಿಗುವುದು ತಾತನ ಕಾಲದ್ದು. ನಮ್ಮ ಕಾಲದ್ದಕ್ಕೆ ಬಾಡಿಗೆ ಕಟ್ಟಬೇಕು. ಹಳ್ಳಿಗಾಡಿನ ಹುಡುಗ ನೂರು ವರ್ಷದ ಹಿಂದಿನ ಪಾಂಡಿತ್ಯದಲ್ಲೇ ತೃಪ್ತನಾಗಬೇಕೆಂದು ಇದರ ತಾತ್ಪರ್ಯವೇ? ಬೆಂಗಳೂರಿನವನಿಗೆ ದೊಡ್ಡ ಗ್ರಂಥಭಂಡಾರಗಳಾದರೂ ಇವೆ. ಪಾವಗಡದವನು ಒಂದು ಪುಟ ನೋಡುವುದಕ್ಕೂ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು.

ಈ ಕಷ್ಟ ಒಂದೇ ದಿಕ್ಕಿನದೂ ಅಲ್ಲ. ಅಮೆರಿಕದಲ್ಲಿರುವ ನನ್ನ ತಂಗಿ ತನ್ನ ಮಗನಿಗೆ ಕನ್ನಡ ಕಲಿಸಬೇಕೆಂದು, "ಅಣ್ಣಾ, ಮಕ್ಕಳ ಕಥೆ ಪುಸ್ತಕ ಒಂದಷ್ಟು ಕಳಿಸು" ಎನ್ನುತ್ತಾಳೆ. ಅಗ್ಗದ ಪುಸ್ತಕಗಳು, ಕಳಿಸುವ ಖರ್ಚೇ ಪುಸ್ತಕದ್ದರ ಹಲವು ಪಾಲು. 2025ರ ಆಗಸ್ಟಿನ ಕೊನೆಯಲ್ಲಿ, ಸಣ್ಣ ಪೊಟ್ಟಣಗಳಿಗಿದ್ದ ಸುಂಕವಿನಾಯಿತಿಯನ್ನು ಅಮೆರಿಕ ತೆಗೆದುಹಾಕಿದಾಗ, ನಮ್ಮ ಅಂಚೆ ಆ ದೇಶದ ಪಾರ್ಸಲುಗಳನ್ನೇ ನಿಲ್ಲಿಸಬೇಕಾಯಿತು. ಮತ್ತೆ ಆರಂಭವಾದದ್ದು ಅಕ್ಟೋಬರ್ 15ರಂದು. ಬಿಟ್ಟುಬಂದ ನಾಡಿನ ನುಡಿಯನ್ನು ಉಳಿಸಿಕೊಳ್ಳಿ ಎಂದು ವೇದಿಕೆ ಹತ್ತಿ ಹೊರನಾಡ ಕನ್ನಡಿಗರಿಗೆ ಉಪದೇಶ ಮಾಡುವ ಮಹನೀಯರು ಒಮ್ಮೆ ಒಂದು ಕಟ್ಟು ಪುಸ್ತಕ ಹಿಡಿದು ಅಂಚೆ ಕಚೇರಿಯ ತಕ್ಕಡಿಯ ಮುಂದೆ ನಿಲ್ಲಲಿ.

ನಾನು ಕೇಳುವುದು ದೊಡ್ಡದೇನಲ್ಲ. ಪುಸ್ತಕದ ಮೇಲಿನ ಆಮದು ಸುಂಕ ಹೋಗಲಿ. ಜ್ಞಾನ ಪೋಸ್ಟು ಸಮುದ್ರವನ್ನೂ ದಾಟಲಿ. ಹಡಗಿನಲ್ಲಿ, ನಿಧಾನವಾಗಿ, ಅಗ್ಗವಾಗಿ. ವಿಶ್ವ ಅಂಚೆ ಒಕ್ಕೂಟದಲ್ಲಿ ಒಂದೂವರೆ ಶತಮಾನದ ಸದಸ್ಯತ್ವವಿರುವ ನಮ್ಮ ದೇಶ ಅಲ್ಲಿ ಪುಸ್ತಕದ ಪರವಾಗಿ ಬಾಯಿ ಬಿಡಲಿ. ಅಲ್ಲಿಯವರೆಗೆ ನಮ್ಮ ಕಾಲೇಜುಗಳೂ ಕೈ ಕಟ್ಟಿ ಕೂರಬೇಕಾಗಿಲ್ಲ. ಒಬ್ಬನೇ ವಿಳಾಸದಾರನಿಗೆ ಮುದ್ರಿತ ಗ್ರಂಥಗಳನ್ನು ಒಟ್ಟಾಗಿ 30 ಕಿಲೋವರೆಗೆ ಚೀಲದಲ್ಲಿ ಕಳಿಸುವ ಪದ್ಧತಿ ಅಂತರರಾಷ್ಟ್ರೀಯ ಅಂಚೆಯಲ್ಲಿ ಹಿಂದಿನಿಂದ ಬಂದಿದೆ. ನಾಲ್ಕು ತಾಲ್ಲೂಕಿನ ಕಾಲೇಜುಗಳು ಕೂಡಿ ವರ್ಷಕ್ಕೊಮ್ಮೆ ಒಂದು ಪಟ್ಟಿ ಮಾಡಿ, ಒಂದೇ ವಿಳಾಸಕ್ಕೆ ತರಿಸಿ, ಹಂಚಿಕೊಂಡು ಓದಬಾರದೇಕೆ? ಗ್ರಂಥಾಲಯದ ಹಣದಲ್ಲಿ ಪರೀಕ್ಷೆಯ ಗೈಡುಗಳನ್ನು ಕೊಂಡು ಕಪಾಟು ತುಂಬಿಸುವ ನಮ್ಮ ಪದ್ಧತಿಗೆ ಇದರಿಂದ ಸ್ವಲ್ಪ ಭಂಗ ಬಂದೀತು. ಬರಲಿ.

ನಮ್ಮ ಹುಡುಗ ಆ ಪುಸ್ತಕವನ್ನು ಇನ್ನೂ ಕೊಂಡಿಲ್ಲ. ಯಾರಾದರೂ ಬೆಂಗಳೂರಿಗೆ ಹೋದರೆ ಕೆಲವು ಪುಟಗಳನ್ನು ನೋಡಿ ಬರೆದುಕೊಂಡು ಬರುವಂತೆ ಕೇಳಿಕೊಳ್ಳುತ್ತಿದ್ದಾನೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಮಧುಗಿರಿ, ಕೊರಟಗೆರೆ ತುಮಕೂರು ಲೋಕಸಭಾ ಕ್ಷೇತ್ರಕ್ಕೂ, ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೂ ಸೇರಿವೆ. ಹಾಗಾಗಿ ಇಬ್ಬರು ಸಂಸದರಿಗೂ ಒಂದೊಂದು ಕಾಗದ ಬರೆದು ಹಾಕಿದ್ದೇನೆ. ಈ ಲೇಖನವನ್ನು ಓದಿ ಹೌದೆನ್ನಿಸಿದವರು ತಮ್ಮ ತಮ್ಮ ಸಂಸದರಿಗೂ ಒಂದು ಕಾಗದ ಬರೆಯಲಿ. ದೇಶದೊಳಗೆ ಕಾಗದಕ್ಕೆ ತಗಲುವ ಖರ್ಚು ಹೆಚ್ಚೇನಿಲ್ಲ.