ರವದಿ ಕುಟ್ಟುವ ಯಂತ್ರ ಮತ್ತು ಅದರ ಸಾಲ

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ಈಗ ತರುಣರ ಬಾಯಲ್ಲಿ ಒಂದು ಹೊಸ ಉದ್ಯೋಗದ ಮಾತು ಕೇಳಿಬರುತ್ತಿದೆ. ಕಬ್ಬು ಕಡಿದು ಹೋದ ಹೊಲದಲ್ಲಿಯ ರವದಿಯನ್ನು ಯಂತ್ರದಿಂದ ಕುಟ್ಟಿ ಅಲ್ಲಿಯೇ ಹರಹಿ ಕೊಡುವುದು, ಬೀಳುಬಿದ್ದ ನೆಲದ ಜಾಲಿ ಕಂಟಿ ತೆಗೆದು ಹಸನು ಮಾಡಿಕೊಡುವುದು, ಅದಕ್ಕೆ ಎಕರೆಯ ಮೇಲೆ ಇಲ್ಲವೆ ತಾಸಿನ ಮೇಲೆ ಬಾಡಿಗೆ ಪಡೆಯುವುದು, ಇದೇ ಆ ಉದ್ಯೋಗ. ಇದು ಒಳ್ಳೆಯ ಕೆಲಸವೇ ಸರಿ. ಆದರೆ ಇದರ ಹೆಸರಿನಲ್ಲಿ ಹತ್ತು ಲಕ್ಷದ ಸಾಲಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ರೈತ ಬಾಂಧವರು ಒಂದೆರಡು ಲೆಕ್ಕಗಳನ್ನು ಮನಸ್ಸಿಗೆ ತಂದುಕೊಳ್ಳುವುದು ಅವಶ್ಯವೆಂದು ನಮಗೆ ತೋರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಬಡ್ಡಿಯ ಲೆಕ್ಕ ಕಲಿಸಿ, ಸಂಜೆಗೆ ಹೊಲದ ಹಾದಿ ಹಿಡಿಯುವ ನಾವು ಈ ಎರಡೂ ಕೆಲಸಗಳ ಅನುಭವದಿಂದ ಈ ಮಾತು ಬರೆಯುತ್ತಿದ್ದೇವೆ.

ಮೊದಲು ಕೆಲಸದ ಯೋಗ್ಯತೆಯನ್ನು ನೋಡೋಣ. ಕಬ್ಬು ಕಡಿದ ಮೇಲೆ ಎಕರೆಗೆ ಸುಮಾರು ೩ರಿಂದ ೪ ಟನ್ನು ಒಣ ರವದಿ ಹೊಲದಲ್ಲಿ ಉಳಿಯುತ್ತದೆ. ಮರಾಠಿಯಲ್ಲಿ ಇದಕ್ಕೆ ಪಾಚಟ ಎನ್ನುತ್ತಾರೆ. ನಮ್ಮಲ್ಲಿ ಬಹಳ ಜನ ಇದಕ್ಕೆ ಕಡ್ಡಿ ಗೀರಿ ಬಿಡುವುದುಂಟು. ರವದಿ ಇದ್ದರೆ ನೀರು ಸಾಲಿನಲ್ಲಿ ಹರಿಯುವುದಿಲ್ಲ, ಕೂಳೆ ಚಿಗುರುವುದಿಲ್ಲ, ಹಾವು ಇಲಿ ಸೇರುತ್ತವೆ ಎಂಬುದು ಅವರು ಹೇಳುವ ಕಾರಣ. ಈ ತೊಂದರೆಗಳು ಸುಳ್ಳಲ್ಲ. ಆದರೆ ಬೆಂಕಿಯಲ್ಲಿ ಹೋಗುವುದು ಏನೆಂಬುದನ್ನೂ ತೂಗಿ ನೋಡಬೇಕಷ್ಟೆ. ನೆಲಕ್ಕೆ ಸೇರಬೇಕಾದ ಜೈವಿಕ ಅಂಶ ಹೊಗೆಯಾಗುತ್ತದೆ, ಸಾರಜನಕ ಗಾಳಿಗೆ ಹೋಗುತ್ತದೆ, ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ಸುಡುತ್ತವೆ, ನೆಲ ಬತ್ತಲೆಯಾಗಿ ಬೇಸಿಗೆಯ ಬಿಸಿಲಿಗೆ ಬಾಯಿ ಬಿಡುತ್ತದೆ.

ನಮ್ಮದು ಎರಿಭೂಮಿ, ಮಳೆಯೋ ಅಳೆದು ಬರುವಂಥದು. ೧೯೩೩ರಲ್ಲಿಯೇ ಸೊಲ್ಲಾಪುರ ಮತ್ತು ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆಗಾಗಿ ಕೇಂದ್ರಗಳನ್ನು ತೆರೆದದ್ದು ಈ ನೆಲದಲ್ಲಿ ಹಸಿ ಹಿಡಿದಿಡುವ ಉಪಾಯ ಹುಡುಕಲಿಕ್ಕಾಗಿ. ರವದಿಯ ಹೊದಿಕೆ ಅಂಥದೇ ಒಂದು ಉಪಾಯ. ಕುಟ್ಟಿದ ರವದಿ ತೆಳ್ಳಗೆ ಹರಡಿಕೊಳ್ಳುವುದರಿಂದ ನೀರಿಗೆ ಅಡ್ಡಿ ಕಡಿಮೆಯಾಗುತ್ತದೆ, ಕಸ ಏಳುವುದು ಕುಂದುತ್ತದೆ, ತೇವ ಉಳಿಯುತ್ತದೆ. ಒಂದು ಟನ್ನು ರವದಿಗೆ ೮ ಕಿಲೊ ಯೂರಿಯಾ, ೧೦ ಕಿಲೊ ಸಿಂಗಲ್ ಸುಪರ್ ಫಾಸ್ಫೇಟ, ೧ ಕಿಲೊ ಕೊಳೆಸುವ ಜೀವಾಣು ಹಾಕಿ ತೇವವಿಟ್ಟರೆ ಅದು ಬೇಗ ಕೊಳೆತು ಗೊಬ್ಬರವಾಗುತ್ತದೆಂದು ಮಹಾರಾಷ್ಟ್ರದ ಕೃಷಿ ತಜ್ಞರು ಬಹು ಕಾಲದಿಂದ ಹೇಳುತ್ತ ಬಂದಿದ್ದಾರೆ. ಇಷ್ಟು ತಿಳಿದೂ ರವದಿ ಸುಡುವುದು ನಿಲ್ಲಲಿಲ್ಲ. ಏಕೆಂದರೆ ಕೈಯಿಂದ ಇದನ್ನು ಮಾಡಲಿಕ್ಕೆ ಆಳು ಸಿಗುವುದಿಲ್ಲ. ಆ ಕೊರತೆಯನ್ನು ಯಂತ್ರ ತುಂಬಬಲ್ಲದು. ಅಂದಮೇಲೆ ಈ ಉದ್ಯೋಗಕ್ಕೆ ಕೈಹಾಕುವ ತರುಣನು ತನ್ನ ಹೊಟ್ಟೆಯ ಜೊತೆಗೆ ಊರಿನ ನೆಲಕ್ಕೂ ಉಪಕಾರ ಮಾಡಿದಂತಾಗುತ್ತದೆ.

ಸಾಲ ಮಾಡಿ ನೆಲ ಹಸನು ಮಾಡುವುದೂ ಹೊಸ ಮಾತಲ್ಲ. ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ, ೧೯೪೯ರಲ್ಲಿ, ಮಧ್ಯ ಭಾರತದ ಕಡೆಗೆ ಆಳವಾಗಿ ಬೇರುಬಿಟ್ಟ ಕಾಂಸ ಹುಲ್ಲನ್ನು ಟ್ರ್ಯಾಕ್ಟರುಗಳಿಂದ ಕೀಳಿಸಲಿಕ್ಕೆ ನಮ್ಮ ಸರಕಾರವು ಜಾಗತಿಕ ಬ್ಯಾಂಕಿನಿಂದ ಒಂದು ಕೋಟಿ ಡಾಲರು ಸಾಲ ಮಂಜೂರು ಮಾಡಿಸಿಕೊಂಡಿತ್ತು. ಸಾಲವೆಂದರೆ ಬೆಚ್ಚಿ ಬೀಳಬೇಕಾಗಿಲ್ಲ. ಆದರೆ ಯಂತ್ರದ ಸಾಲವನ್ನು ತೀರಿಸತಕ್ಕದ್ದು ಯಂತ್ರವೇ. ಅದು ತೀರಿಸದಿದ್ದರೆ ಹೊಲ ತೀರಿಸಬೇಕಾಗುತ್ತದೆ. ಈ ಮಾತು ಸದಾ ನೆನಪಿನಲ್ಲಿರಲಿ.

ಇನ್ನು ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಹಿಡಿದವು. ನಿಮ್ಮ ಊರಿನ ದರ ಬೇರೆ ಇದ್ದಲ್ಲಿ ಅದನ್ನೇ ಹಾಕಿಕೊಂಡು ಲೆಕ್ಕ ಮಾಡತಕ್ಕದ್ದು.

ಒಬ್ಬ ತರುಣನು ೮ ಲಕ್ಷದ ಟ್ರ್ಯಾಕ್ಟರು, ೨ ಲಕ್ಷದ ರವದಿ ಕುಟ್ಟುವ ಯಂತ್ರ, ಹೀಗೆ ೧೦ ಲಕ್ಷದ ಸಾಮಾನು ಕೊಂಡನೆನ್ನಿ. ೨ ಲಕ್ಷ ಕೈಯಿಂದ ಹಾಕಿ, ೮ ಲಕ್ಷವನ್ನು ನೂರಕ್ಕೆ ೧೦ರ ಬಡ್ಡಿಯಂತೆ ಐದು ವರ್ಷದ ಮುದ್ದತಿಗೆ ಎತ್ತಿದನು. ಆರು ತಿಂಗಳಿಗೊಂದು ಕಂತು ಹಿಡಿದರೆ ಪ್ರತಿ ಕಂತು ಸುಮಾರು ೧,೦೩,೬೦೦ ರೂಪಾಯಿ, ವರ್ಷಕ್ಕೆ ೨,೦೭,೨೦೦. ವಿಮೆ ಮೊದಲಾದ ಖರ್ಚು ೨೦,೦೦೦ ಸೇರಿಸಿದರೆ ೨,೨೭,೨೦೦ ರೂಪಾಯಿ ಆಯಿತು. ಎಕರೆಗೆ ೧,೫೦೦ ರೂಪಾಯಿ ಬಾಡಿಗೆ ಬರುತ್ತದೆಂದು ತಿಳಿಯೋಣ. ಅದರಲ್ಲಿ ೬ ಲೀಟರು ಡಿಝೆಲ್ಲಿಗೆ ೫೪೦, ಚಾಲಕನಿಗೆ ೧೫೦, ಬ್ಲೇಡು, ಎಣ್ಣೆ, ದುರಸ್ತಿಗೆ ೧೫೦, ಒಟ್ಟು ೮೪೦ ಹೋಗಿ ೬೬೦ ಉಳಿಯುತ್ತದೆ. ಅಂದರೆ ೩೪೫ ಎಕರೆ ಕುಟ್ಟಿದ ಮೇಲೆ ಸಾಲದ ಬಾಯಿ ಮುಚ್ಚುತ್ತದೆ. ಅಲ್ಲಿಯವರೆಗೆ ತರುಣನ ಮನೆಗೆ ಒಂದು ರೂಪಾಯಿಯೂ ಬರಲಿಲ್ಲ.

ಈ ೩೪೫ ಎಕರೆ ಎಲ್ಲಿಂದ ಬರಬೇಕು? ದಿನಕ್ಕೆ ೪ ಎಕರೆಯಂತೆ ಇದು ೮೬-೮೭ ದಿನಗಳ ಕೆಲಸ. ಕಾರಖಾನೆಯ ಹಂಗಾಮು ಸಾಮಾನ್ಯವಾಗಿ ದೀಪಾವಳಿಯ ಸುಮಾರಿಗೆ ಆರಂಭವಾಗಿ ಮಾರ್ಚಿನ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಅದರಲ್ಲಿಯೂ ಕಬ್ಬು ಹೋದ ಮೇಲೆ ಕೂಳೆ ಚಿಗುರೊಡೆದು ಬೆಳೆಯುವ ಮುಂಚೆಯೇ ರವದಿ ಕುಟ್ಟಬೇಕು. ಇವತ್ತು ಪೂರ್ವದ ಹೊಲಕ್ಕೆ ಕಡಿಯುವ ಟೋಳಿ ಬಂತು, ಇವತ್ತೇ ಪಶ್ಚಿಮದ ಹೊಲವೂ ಖಾಲಿಯಾಯಿತು ಎಂದರೆ ಒಂದೇ ಯಂತ್ರ ಎರಡು ಕಡೆ ಓಡಲಾರದು. ತಡವಾದವನು ಕಾಯದೆ ಬೆಂಕಿ ಇಡುತ್ತಾನೆ. ಊರಿನಲ್ಲಿ ಕುಟ್ಟಲಿಕ್ಕೆ ಸಿಕ್ಕದ್ದು ೧೫೦ ಎಕರೆ ಮಾತ್ರವಾದರೆ ಕೈಗೆ ಬರುವುದು ೯೯,೦೦೦. ಉಳಿದ ೧,೨೮,೨೦೦ ರೂಪಾಯಿಯನ್ನು ತೊಗರಿಯ ಹಣದಿಂದಲೋ ಹೆಂಡತಿಯ ಬಂಗಾರದಿಂದಲೋ ತುಂಬಬೇಕು. ಹೀಗೆ ಎರಡು ವರ್ಷ ನಡೆದರೆ ಯಂತ್ರವೂ ಹೋಗುತ್ತದೆ, ಸಾತಬಾರಾ ಉತಾರೆಯ ಮೇಲೆ ಬೋಜಾ ಮಾತ್ರ ಉಳಿಯುತ್ತದೆ.

ಈಗ ಇನ್ನೊಂದು ಹಾದಿಯನ್ನು ನೋಡಿರಿ. ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೆ ಕೊರತೆ ಇಲ್ಲ. ಅನೇಕ ಟ್ರ್ಯಾಕ್ಟರುಗಳು ಕೆಲಸವಿಲ್ಲದೆ ನಿಂತ ದಿನಗಳೂ ಉಂಟು. ಕೊರತೆ ಇರುವುದು ಹಿಂದೆ ಕಟ್ಟುವ ಯಂತ್ರಕ್ಕೆ. ಹತ್ತು ಜನ ಕಬ್ಬಿನ ರೈತರು ತಲೆಗೆ ೧೦,೦೦೦ ರೂಪಾಯಿಯಂತೆ ಕೂಡಿಸಿ ೧ ಲಕ್ಷ ಮಾಡಲಿ, ಇನ್ನೊಂದು ಲಕ್ಷ ಸಾಲ ತೆಗೆಯಲಿ, ರವದಿ ಕುಟ್ಟುವ ಯಂತ್ರವನ್ನಷ್ಟೇ ಕೊಳ್ಳಲಿ. ಅದೇ ಬಡ್ಡಿ, ಅದೇ ಮುದ್ದತಿಗೆ ವರ್ಷದ ಕಂತು ೨೫,೯೦೦. ಇತರ ಖರ್ಚು ಹಿಡಿದು ೩೦,೦೦೦ ಎನ್ನೋಣ. ೧,೫೦೦ ರೂಪಾಯಿ ಬಾಡಿಗೆಯಲ್ಲಿ ಡಿಝೆಲ್ಲು, ಚಾಲಕ, ಟ್ರ್ಯಾಕ್ಟರಿನ ಸವೆತ ಎಲ್ಲಕ್ಕೂ ಸೇರಿ ಟ್ರ್ಯಾಕ್ಟರಿನ ಮಾಲಕನಿಗೆ ೧,೧೦೦, ಬ್ಲೇಡಿಗೆ ೧೦೦ ಕೊಟ್ಟರೆ ಸಂಘಕ್ಕೆ ೩೦೦ ಉಳಿಯುತ್ತದೆ. ೧೦೦ ಎಕರೆಗೆ ಸಾಲದ ಬಾಯಿ ಮುಚ್ಚಿತು! ೩೪೫ ಎಲ್ಲಿ, ೧೦೦ ಎಲ್ಲಿ! ನೂರು ಎಕರೆ ಕಬ್ಬು ಒಂದೇ ಊರಿನಲ್ಲಿ ಸಿಗುವುದು ಕಷ್ಟವಲ್ಲ. ಆದರೆ ಯಂತ್ರದ ಅಗಲಕ್ಕೆ ತಕ್ಕ ಶಕ್ತಿ ಆ ಟ್ರ್ಯಾಕ್ಟರಿಗೆ ಇದೆಯೇ ಎಂಬುದನ್ನು ಕೊಳ್ಳುವ ಮುಂಚೆಯೇ ನೋಡಬೇಕು. ೪೫ ಅಶ್ವಶಕ್ತಿಗಿಂತ ಕಡಿಮೆಯ ಟ್ರ್ಯಾಕ್ಟರಿಗೆ ಇಂಥ ಯಂತ್ರ ಭಾರವಾಗುತ್ತದೆ.

ಜಾಲಿ ಕಂಟಿ ತೆಗೆಯುವ ಕೆಲಸ ಬೇರೆ ಬಗೆಯದು. ೧೮೭೭ರ ಸುಮಾರಿಗೆ ಅಮೇರಿಕಾ ಖಂಡದಿಂದ ಈ ದೇಶಕ್ಕೆ ಬಂದ ಬಳ್ಳಾರಿ ಜಾಲಿಯನ್ನು ನೆಲದ ಮೇಲೆ ಸವರಿದರೆ ಅದು ಸಾಯುವುದಿಲ್ಲ; ಬುಡದಿಂದ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಬೊಡ್ಡೆಯ ಸಮೇತ ಅಗೆದು ತೆಗೆದು, ಮುಂದಿನ ಎರಡು ಮೂರು ವರ್ಷ ಹೊಸ ಸಸಿಗಳನ್ನು ಕೀಳುತ್ತಿರಬೇಕು. ರವದಿಯ ಯಂತ್ರಕ್ಕೆ ದಪ್ಪ ಜಾಲಿ ಕೊಟ್ಟರೆ ಬ್ಲೇಡು ಮುರಿಯುತ್ತದೆ, ಮುಳ್ಳಿಗೆ ಗಾಲಿ ಪಂಕ್ಚರ್ ಆಗುತ್ತದೆ. ಇದಕ್ಕೆ ಬೇಕಾದ ಜೆಸಿಬಿಯ ಬೆಲೆ ಟ್ರ್ಯಾಕ್ಟರಿನ ಮೂರು ನಾಲ್ಕು ಪಟ್ಟು. ಅದನ್ನು ಕೊಳ್ಳುವ ಹಂಬಲ ಬೇಡವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಕೆಲಸ ಕೂಡಿಸಿಕೊಂಡು ತಾಸಿನ ಬಾಡಿಗೆಗೆ ತರಿಸುವುದೇ ಲೇಸು. ಕಿತ್ತ ಕಟ್ಟಿಗೆಯನ್ನು ಉರುವಲಿಗೆ, ಇದ್ದಿಲಿಗೆ ಮಾರಿದರೆ ಬಾಡಿಗೆಯ ಒಂದು ಭಾಗ ಅದರಿಂದಲೇ ಹುಟ್ಟುತ್ತದೆ. ಒಡ್ಡಿನ ಮೇಲಿನ ಮಾವು, ಹುಣಸೆ, ನೇರಳೆಗಳಿಗೆ ಮಾತ್ರ ಕೈ ಹಚ್ಚಬಾರದು. ೧೯೬೪ರ ಮಹಾರಾಷ್ಟ್ರ ಕಾಯಿದೆಯಂತೆ ಅವನ್ನು ಕಡಿಯಲಿಕ್ಕೆ ಅಪ್ಪಣೆ ಬೇಕು. ಗಾಯರಾಣದ ನೆಲಕ್ಕೂ ಯಾರದೋ ಬಾಯಿಮಾತಿನ ಮೇಲೆ ಯಂತ್ರ ಇಳಿಸಬಾರದು.

ಸಾಲ ಎತ್ತುವವರು ಲಕ್ಷ್ಯದಲ್ಲಿಡಬೇಕಾದ ಕೆಲವು ಸಂಗತಿಗಳಿವೆ. ಮೊದಲನೆಯದು ಬಡ್ಡಿಯ ಬಗೆ. ನೂರಕ್ಕೆ ೧೦ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಿಡಿದರೆ, ಮೇಲೆ ಹೇಳಿದ ೮ ಲಕ್ಷಕ್ಕೆ ಐದು ವರ್ಷದಲ್ಲಿ ಸುಮಾರು ೨,೩೬,೦೦೦ ಬಡ್ಡಿಯಾಗುತ್ತದೆ. ತೀರಿಸಿದ ಅಸಲಿಗೂ ಸೇರಿಸಿ ಕೊನೆಯವರೆಗೆ ಪೂರ್ತಿ ೮ ಲಕ್ಷದ ಮೇಲೆಯೇ ಹಿಡಿದರೆ ೪ ಲಕ್ಷವಾಗುತ್ತದೆ. ಇದು ಏಳನೆಯ ಇಯತ್ತೆಯ ಹುಡುಗನೂ ಮಾಡಬಲ್ಲ ಲೆಕ್ಕ. ಆದರೂ ಹಳ್ಳಿಗೆ ಬಂದು ಕಾಗದ ಬಿಚ್ಚುವ ಏಜಂಟನು ಇದನ್ನು ತಾನಾಗಿ ಹೇಳಲಾರ. "ಉಳಿದ ಅಸಲಿನ ಮೇಲೋ, ಪೂರ್ತಿ ಅಸಲಿನ ಮೇಲೋ?" ಎಂದು ಕೇಳಿ, ಕಂತಿನ ಪಟ್ಟಿಯನ್ನು ಬರೆಸಿಕೊಳ್ಳಬೇಕು.

ಎರಡನೆಯದು ಕಂತಿನ ದಿನ. ಬಾಡಿಗೆಯ ಹಣ ಹಂಗಾಮಿನಲ್ಲಿ ಬರುತ್ತದೆ; ಕಂತು ಭಾದ್ರಪದದಲ್ಲಿ ಬಂದರೆ ಎಲ್ಲಿಂದ ಕಟ್ಟುವುದು? ಹಂಗಾಮಿನ ನಡುವೆ ಒಂದು, ಮುಗಿದ ಮೇಲೆ ಒಂದು ಬರುವಂತೆ ಕೇಳಿಕೊಳ್ಳಬೇಕು; ಆಗದಿದ್ದರೆ ಒಂದು ಕಂತಿನ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಟ್ಟಿರಬೇಕು.

ಮೂರನೆಯದು ಅಡವು. ೨೦೨೫ರ ಜನವರಿ ೧ರಿಂದ ಒಬ್ಬ ರೈತನಿಗೆ ೨ ಲಕ್ಷ ರೂಪಾಯಿವರೆಗಿನ ಒಕ್ಕಲುತನದ ಸಾಲಕ್ಕೆ ಬ್ಯಾಂಕುಗಳು ಅಡವು ಕೇಳಬಾರದೆಂದು ರಿಝರ್ವ್ ಬ್ಯಾಂಕು ನಿಯಮ ಮಾಡಿದೆ. ಚಿಕ್ಕ ಸಾಲಕ್ಕೆ ಹೊಲ ಬರೆದುಕೊಡುವ ಕಾರಣವಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಾಲ್ಕನೆಯದು ಸರಕಾರದ ಸಹಾಯಧನ. ಒಕ್ಕಲುತನದ ಯಂತ್ರೀಕರಣಕ್ಕಾಗಿ ಕೇಂದ್ರ ಸರಕಾರವು ೨೦೧೪-೧೫ರಲ್ಲಿ ಆರಂಭಿಸಿದ ಯೋಜನೆಯ ಲಾಭ ನಮ್ಮ ಕಡೆಗೆ ಮಹಾಡಿಬಿಟಿ ಮೂಲಕ ಸಿಗುತ್ತದೆ. ಅದಕ್ಕೆ ಮೊದಲು ಅರ್ಜಿ, ಆಮೇಲೆ ಪೂರ್ವಸಮ್ಮತಿ, ಅದರ ನಂತರ ಖರೀದಿ. ಸಮ್ಮತಿಯ ಮುಂಚೆ ಕೊಂಡ ಯಂತ್ರಕ್ಕೆ ಸಹಾಯಧನವಿಲ್ಲ. ಬರುವ ಹಣವೂ ಖರೀದಿಯ ಮೇಲೆಯೇ ಬರುವುದು. ಆ ಹಣವನ್ನು ನಂಬಿ ಮೊದಲೇ ಸಾಲದ ಲೆಕ್ಕ ಹಾಕುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ೨೦೨೦ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಯಂತ್ರ ಬಾಡಿಗೆ ಕೇಂದ್ರಗಳ ಸಾಲಕ್ಕೂ ನೂರಕ್ಕೆ ೩ರಂತೆ ಬಡ್ಡಿಯ ರಿಯಾಯಿತಿ ಇಡಲಾಗಿದೆ. ಅರ್ಜಿ ಹಾಕುವ ದಿನ ಅದು ತಮಗೆ ಅನ್ವಯಿಸುತ್ತದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ ಮುಂದುವರಿಯತಕ್ಕದ್ದು. ೨೦೨೫ರ ಸೆಪ್ಟೆಂಬರ ೨೨ರಿಂದ ಟ್ರ್ಯಾಕ್ಟರು ಮತ್ತು ಒಕ್ಕಲುತನದ ಯಂತ್ರಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ ೧೨ರಿಂದ ೫ಕ್ಕೆ ಇಳಿಯಿತು. ಆ ಉಳಿತಾಯದಿಂದ ಸಾಲ ಚಿಕ್ಕದಾಗಬೇಕೇ ಹೊರತು ಯಂತ್ರ ದೊಡ್ಡದಾಗಬಾರದು.

ಗಡಿನಾಡಿನ ನಮಗೆ ಇನ್ನೂ ಒಂದು ಎಚ್ಚರ ಬೇಕು. ಇಂಡಿ, ಅಫಝಲಪುರ, ಆಳಂದದ ಬೀಗರು ತಮ್ಮ ಹೋಬಳಿಯ ಕೃಷಿ ಯಂತ್ರಧಾರೆಯ ಸುದ್ದಿ ಹೇಳುತ್ತಾರೆ. ಕರ್ನಾಟಕದ ಸಹಾಯಧನದ ಮಾತೂ ಬರುತ್ತದೆ. ಕೇಳಿ ಸಂತೋಷಪಡಬಹುದು. ಆದರೆ ನಮ್ಮ ಹೊಲದ ಉತಾರೆ ಮಹಾರಾಷ್ಟ್ರದ್ದು. ಅಲ್ಲಿಯ ಸಹಾಯಧನ ಈ ಉತಾರೆಗೆ ಸಿಗುವುದಿಲ್ಲ. ಇಲ್ಲಿ ಸಿಗುವುದರ ಕಾಗದಗಳೆಲ್ಲ ಮರಾಠಿಯಲ್ಲಿರುತ್ತವೆ. ನಮ್ಮ ಹಿರಿಯರಲ್ಲಿ ಅನೇಕರು ಮರಾಠಿ ಮಾತಾಡಬಲ್ಲರು, ಕಾಯಿದೆಯ ಮರಾಠಿ ಓದಲಾರರು. ಎರಡೂ ಭಾಷೆ ಬಲ್ಲ ಹುಡುಗ ಹುಡುಗಿಯರು ಊರೂರಿಗೆ ಇದ್ದಾರೆ. ಅವರಿಂದ ಮೊದಲಿನಿಂದ ಕೊನೆಯವರೆಗೆ ಓದಿಸಿ, ಅರ್ಥ ಹೇಳಿಸಿಕೊಂಡೇ ಸಹಿ ಮಾಡಬೇಕು. ಅದರಲ್ಲಿ ನಾಚಿಕೆ ಪಡುವಂಥದೇನೂ ಇಲ್ಲ.

ಕೂಡಿ ಕೊಂಡರೆ ಜಗಳವಾಗುತ್ತದೆ ಎನ್ನುವವರಿದ್ದಾರೆ. ಬಾಯಿಮಾತಿನ ಮೇಲೆ ನಡೆದರೆ ಖಂಡಿತ ಆಗುತ್ತದೆ. ಸರದಿಯ ವಹಿ, ಹಣದ ವಹಿ ಎಂದು ಎರಡು ವಹಿಗಳನ್ನು ಕನ್ನಡದಲ್ಲಿಯೇ ಬರೆದು ಎಲ್ಲರಿಗೂ ಕಾಣುವಂತೆ ಇಡಲಿ. ಟೋಳಿ ಮೊದಲು ಬಂದ ಹೊಲಕ್ಕೆ ಯಂತ್ರ ಮೊದಲು ಹೋಗಲಿ. ಪಾಲುದಾರನೂ ಪೂರ್ತಿ ಬಾಡಿಗೆ ಕೊಡಲಿ. ಅವನ ಪಾಲು ವರ್ಷದ ಕೊನೆಗೆ ಲಾಭದಲ್ಲಿ ಬರುತ್ತದೆ. ಯಂತ್ರ ಒಬ್ಬನ ವಶದಲ್ಲಿ, ವಹಿ ಇನ್ನೊಬ್ಬನ ವಶದಲ್ಲಿ ಇರಲಿ. ಈ ನಾಲ್ಕು ಕಟ್ಟಳೆಗಳಿಂದ ಅರ್ಧ ಜಗಳ ಹುಟ್ಟುವ ಮುಂಚೆಯೇ ಅಡಗುತ್ತದೆ.

ಒಕ್ಕಲಿಗರು ಕೂಡಿ ಸಾಲ ಎತ್ತಿ ಕೂಡಿ ತೀರಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ೧೯೦೫ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಆ ಊರೂ ಸೊಲ್ಲಾಪುರವೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ೧೯೫೬ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಕೂಡಿ ಬಾಳುವ ಆ ಬುದ್ಧಿಗೆ ಗಡಿ ಬೀಳಬೇಕಾಗಿಲ್ಲ.

ಆದ್ದರಿಂದ ಮುಂದಿನ ಹಂಗಾಮಿನ ಮುಂಚೆ ಪ್ರತಿಯೊಂದು ಊರಿನ ಕಬ್ಬಿನ ರೈತರು ಗುಡಿಯ ಕಟ್ಟೆಯ ಮೇಲೆ ಒಂದು ಸಂಜೆ ಕೂಡಲಿ. ಯಾರ ಕಬ್ಬು ಎಷ್ಟು ಎಕರೆ, ಯಾರು ರವದಿ ಸುಡದೆ ಕುಟ್ಟಿಸಲಿಕ್ಕೆ ಒಪ್ಪುತ್ತಾರೆ, ಯಾರ ಟ್ರ್ಯಾಕ್ಟರಿಗೆ ಶಕ್ತಿ ಇದೆ ಎಂಬುದನ್ನು ಒಂದು ಕಾಗದದ ಮೇಲೆ ಬರೆದು ಸಹಿ ಪಡೆಯಲಿ. ಆ ಕಾಗದದಲ್ಲಿ ನೂರು ಎಕರೆ ಕೂಡಿದರೆ ಯಂತ್ರ ತರಲಿ. ಕೂಡದಿದ್ದರೆ ನೆರೆಯೂರನ್ನು ಸೇರಿಸಿಕೊಳ್ಳಲಿ. ಅಂಥ ಕಾಗದ ಕೈಯಲ್ಲಿಲ್ಲದ ಯಾವ ತರುಣನೂ ಸಾಲದ ಕಾಗದಕ್ಕೆ ಸಹಿ ಮಾಡಬಾರದೆಂದು ನಾವು ಬಿನ್ನವಿಸಿಕೊಳ್ಳುತ್ತೇವೆ.